ಅಪ್ಪನಿಗೇ ಸೀಟಿಲ್ಲದ ಬಸ್ಸು

ಹೋದ ಭಾನುವಾರ ನಮ್ಮಣ್ಣ ಬಸವರಾಜಪ್ಪನಿಗೆ ಸ್ವಂತ ಮಗಳ ನಿಶ್ಚಿತಾರ್ಥಕ್ಕೆ ಹೊರಟ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಬಸ್ಸು ಗೊತ್ತು ಮಾಡಿದವನೂ ಅವನೇ. ಸೀಟು ಕೊಡದವಳು ನಾನು.

ಬೇಕಂತ ಮಾಡಿದ್ದಲ್ಲ. ನಾನು ಶಿಕಾರಿಪುರದ ಕಾಲೇಜೊಂದರಲ್ಲಿ ಪ್ರೋಗ್ರಾಮಿಂಗ್ ಕಲಿಸುವವಳು (ಆಗಾಗ ಈ ಅಂಕಣದಲ್ಲೇ ಗೋಳು ಹೇಳಿಕೊಂಡಿದ್ದೇನೆ). ಮುಂದಿನ ಸೀಟಿಗೆ ಜಗಳ ಬೇಡವೆಂದು ದೊಡ್ಡಪ್ಪ ಹಂಚುವ ಕೆಲಸ ನನಗೆ ವಹಿಸಿದರು. "ಕಂಪ್ಯೂಟರ್ ಹಂಚಿದ್ರೆ ಯಾರೂ ಕಮಕ್ ಕಿಮಕ್ ಅನ್ನಂಗಿಲ್ಲ ನೋಡವ್ವ."

ನಮ್ಮ ಬಳಗದ ಮನೆಗಳದ್ದೊಂದು ಲಿಸ್ಟ್. ಪ್ರತಿ ಮನೆಯೊಳಗೆ ಜನರದ್ದು ಇನ್ನೊಂದು ಲಿಸ್ಟ್. ಗೋಡೆ ಕೆಡವಿ ಎಲ್ಲರನ್ನೂ ಒಂದೇ ಸಾಲಿಗೆ ತರುವುದಕ್ಕೆ ಫ್ಲಾಟ್ ಮ್ಯಾಪ್ ಅಂತ ಒಂದಿದೆ. ಆ ಸಾಲನ್ನು ಕಲಸಿ, ಚೀಟಿ ಎತ್ತಿದ ಹಾಗೆ ಸೀಟು ಹಂಚಿದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಮದುವೆಯಾದ ಹೆಣ್ಣುಮಕ್ಕಳ ಹೆಸರು ತವರಿನಲ್ಲೂ ಗಂಡನ ಮನೆಯಲ್ಲೂ ಬರುತ್ತದಲ್ಲ? ಹಾಗಾಗಿ ಒಂದೇ ಹೆಸರು ಎರಡು ಸಲ ಬಂದರೆ ಒಂದನ್ನು ತೆಗೆದುಬಿಡು ಅಂತಲೂ ಬರೆದೆ. (ಜಾಣತನ!)

ಹೆಸರು, ಸೀಟು ನಂಬರಿನ ಸ್ಟಿಕ್ಕರ್‌ಗಳು ಬಂದವು. ಅಂಗಿಗೆ, ಸೆರಗಿಗೆ ಅಂಟಿಸಿಕೊಂಡು ಎಲ್ಲರೂ ಬಸ್ಸು ಹತ್ತಿದರು. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ.

ಚಿಕ್ಕಪ್ಪನ ಮಗನ ಹೆಸರೂ ಬಸವರಾಜಪ್ಪ. ಮದುವೆಯಾಗಿಲ್ಲ, ಆಗುವ ಲಕ್ಷಣವೂ ಇಲ್ಲ. ಅವನು ಮೊದಲೇ ಬಂದು ಸ್ಟಿಕ್ಕರ್ ಅಂಟಿಸಿಕೊಂಡು ಕೂತಿದ್ದ. ಮನೆಯಿಂದ ಬಿಡಿಸಿದ ಮೇಲೆ ನನ್ನ ಪ್ರೋಗ್ರಾಮಿಗೆ ಇಬ್ಬರೂ ಒಬ್ಬನೇ.

"ನನ್ ಸ್ಟಿಕ್ಕರ್ ಎಲ್ಲೈತಿ?" ಅಂದ ಅಣ್ಣ.

"ನೀನು ಕಂಪ್ಯೂಟರ್‌ನಾಗೆ ಇಲ್ಲಲೋ," ಅಂದರು ದೊಡ್ಡಪ್ಪ.

"ಎದುರಿಗೇ ನಿಂತೀನಲ್ಲ!"

"ಪಹಣ್ಯಾಗೆ ಹೆಸರಿಲ್ದೆ ಹೊಲದಾಗೆ ನಿಂತ್ಕಂಡ್ರೆ ಹೊಲ ನಿಂದಾಗ್ತತೇನು?"

ಬಸ್ಸಿಗೆ ಬಸ್ಸೇ ತಲೆಯಾಡಿಸಿತು. ನನ್ನ ಸೀಟು ಕೊಡಲು ಹೋದೆ. "ನಿನ್ ಹೆಸರಿನ ಸೀಟ್ನಾಗೆ ನಾನ್ಯಾಕೆ ಕೂರ್ಲಿ?" ಅಂದವನು ಸೊರಬದವರೆಗೂ ಡ್ರೈವರ್ ಪಕ್ಕದ ಇಂಜಿನ್ ಮೇಲೆ ಮುಖ ಊದಿಸಿಕೊಂಡು ಕೂತ.

ಛತ್ರದ ಬಾಗಿಲಲ್ಲಿ ಹುಡುಗನ ಅಜ್ಜ ಹಾರ ಹಿಡಿದು ನಿಂತಿದ್ದರು. ಹುಡುಗಿಯ ಅಪ್ಪನನ್ನು ಅವರು ಕಂಡಿರಲಿಲ್ಲ. ಹೆಸರು ಮಾತ್ರ ಗೊತ್ತು. ಮೊದಲು ಇಳಿದ ಚಿಕ್ಕಪ್ಪನ ಮಗನ ಎದೆ ಓದಿ, "ಬನ್ನಿ ಬೀಗರೇ" ಅಂತ ಹಾರ ಹಾಕಿಯೇಬಿಟ್ಟರು. ಅವನೂ ಗಂಭೀರವಾಗಿ ಕೈಮುಗಿದ!

ಕೊನೆಗೆ ಇಳಿದವನು ಅಣ್ಣ. ಇಂಜಿನ್ ಬಿಸಿಗೆ ಬೆವರಿ ತೊಪ್ಪೆಯಾಗಿದ್ದ.

"ನೀವು ಬಸ್ಸಿನವ್ರಾ? ತಿಂಡಿ ಹಿಂದ್ಗಡೆ ಇದೆ ನೋಡಿ," ಅಂದರು ಅಜ್ಜ.

ಅಣ್ಣನ ಕಣ್ಣು ತುಂಬಿಕೊಂಡಿತು. ಅಲ್ಲಿಯವರೆಗೆ ನಗುತ್ತಿದ್ದ ನಮಗೆ ನಗು ಎಲ್ಲಿ ಹೋಯಿತೋ!

ಆಗ ಮದುಮಗಳು ಕಾವ್ಯ ಸರಸರನೆ ಬಂದಳು. ತನ್ನ ಸೆರಗಿನ ಸ್ಟಿಕ್ಕರ್ ಕಿತ್ತು ಅಪ್ಪನ ಅಂಗಿಗೆ ಒತ್ತಿ, ಕೈ ಹಿಡಿದು ಅಜ್ಜನೆದುರು ನಿಲ್ಲಿಸಿದಳು. "ಅಜ್ಜಾ, ಇವ್ರು ನಮ್ಮಪ್ಪ."

ಅಜ್ಜ ಕನ್ನಡಕ ಸರಿಮಾಡಿಕೊಂಡು ಓದಿದರು. "ಕಾವ್ಯ?"

"ಹೌದ್ರೀ," ಅಂದ ಅಣ್ಣ, ಎದೆಯುಬ್ಬಿಸಿ.

ಮತ್ತೊಂದು ಹಾರ ಬಂತು. ಅಯ್ಯನವರು ತಾಂಬೂಲ ಬದಲಾಯಿಸಲು ಕರೆದಾಗಲೂ ಅವನು ಆ ಸ್ಟಿಕ್ಕರ್ ತೆಗೆಯಲಿಲ್ಲ.

ವಾಪಸು ಹೊರಡುವಷ್ಟರಲ್ಲಿ ನಾನು ಪ್ರೋಗ್ರಾಮ್ ಸರಿಮಾಡಿದ್ದೆ. ಪ್ರತಿ ಹೆಸರಿಗೂ ಅವರವರ ಮನೆ ಅಂಟಿಸಿ, ಗಂಡ ಹೆಂಡಿರನ್ನು ಅಕ್ಕಪಕ್ಕ ಕೂರಿಸಿದೆ. ಶಹಬ್ಬಾಸ್ ಅಂತಾರೆ ಅಂದುಕೊಂಡೆ. ಹೆಂಗಸರು ಒಬ್ಬರೂ ಹಳೇ ಸೀಟು ಬಿಟ್ಟು ಕದಲಲಿಲ್ಲ.

"ಬರ್ತಾ ಕೂತಂಗೇ ಕೂರ್ತೀವಿ," ಅಂದರು ಅತ್ತಿಗೆ. "ಇವರ ಪಕ್ಕ ಕೂತ್ರೆ ನಮಗೆ ಎಂದಾರ ಕಿಟಕಿ ಸಿಕ್ಕೈತೇನು?"

ಮನೆ ಬಿಡಿಸಿದರೆ ಮಾತ್ರ ಹೆಂಗಸರಿಗೆ ಕಿಟಕಿ ಸಿಗುವುದಾದರೆ, ರಿಪೇರಿ ಮಾಡಬೇಕಾದ್ದು ಪ್ರೋಗ್ರಾಮನ್ನೋ, ಮನೆಯನ್ನೋ?