ವೈಪರ್ ನೀರಿಗೆ ಕಾಯಿಸಿದ ಬಿಯರ್

ನಮ್ಮ ಮನೆಯವರು ರಘೋತ್ತಮ. ಅಮೆರಿಕದ ಆಬರ್ನ್ ಹಿಲ್ಸ್‌ನಲ್ಲಿ ಕಾರಿನ ರೇಡಿಯೇಟರ್ ಡಿಸೈನ್ ಮಾಡುವ ಎಂಜಿನಿಯರ್. ಕುಡಿಯುವವರಲ್ಲ, ಸುಳ್ಳು ಹೇಳುವವರಲ್ಲ, ಯಾವುದನ್ನೂ ಬಿಸಾಡುವವರೂ ಅಲ್ಲ. ಮೊದಲೆರಡನ್ನು ಹೇಗೋ ಸಹಿಸಬಹುದು. ಮೂರನೆಯದರಿಂದ ನಮ್ಮ ಗ್ಯಾರೇಜಿನಲ್ಲಿ ಕಾರಿಗೇ ಜಾಗವಿಲ್ಲ.

ಕಳೆದ ಚಳಿಗಾಲ ಆಫೀಸ್ ಪಾರ್ಟಿಯಲ್ಲಿ ಉಳಿದ ನಾಲ್ಕು ಕೇಸ್ ಬಿಯರ್ ಹೊತ್ತು ತಂದರು. ಕುಡಿಯದ ಮನೆಗೆ ಇದು ಯಾಕ್ರೀ ಅಂದೆ. ಅದರಲ್ಲಿನ ಆಲ್ಕೋಹಾಲ್ ಇಳಿಸಿ ಬೆರೆಸಿದರೆ ಕಾರಿನ ಗಾಜು ತೊಳೆಯುವ ವೈಪರ್ ನೀರು ಎಂಥ ಚಳಿಗೂ ಹೆಪ್ಪುಗಟ್ಟುವುದಿಲ್ಲ ಎಂದು ಪಾಠ ಮಾಡಿದರು. ಅಂಗಡಿಯಲ್ಲೇ ಸಿಗುತ್ತದಲ್ಲ ಎಂದರೆ, ಇದು ದಂಡವಾಗುತ್ತದಲ್ಲ ಎಂದರು. ಕೊನೆಗೆ ನನ್ನ ಹಳೇ ಕುಕ್ಕರ್ ನಾನೇ ಕೊಟ್ಟೆ. ತಾಮ್ರದ ಕೊಳವೆ ಜೋಡಿಸಿದ್ದು ಅವರು. ಒಲೆ ಹಚ್ಚಿ, ಕೊಳವೆಯ ಮೇಲೆ ಐಸ್ ಸುರಿಯುತ್ತ ನಿಂತವಳು ನಾನು. ಇಡೀ ಶನಿವಾರ ಒದ್ದಾಡಿ ಸಿಕ್ಕಿದ್ದು ಎರಡು ಉಪ್ಪಿನಕಾಯಿ ಜಾಡಿಯಷ್ಟು ಆಲ್ಕೋಹಾಲ್.

ಹೈಸ್ಕೂಲಿನಲ್ಲಿರುವ ಮಗಳು ಇಶಾ ನೋಡಿ, "ಡ್ಯಾಡ್, ದಿಸ್ ಈಸ್ ಎ ಫೆಡರಲ್ ಕ್ರೈಮ್," ಎಂದಳು. ಕುಡಿಯಲಿ ಬಿಡಲಿ, ಪರ್ಮಿಟ್ ಇಲ್ಲದೆ ಮನೆಯಲ್ಲಿ ಭಟ್ಟಿ ಇಳಿಸಬಾರದಂತೆ. ಇವರ ಮುಖ ಬಿಳಿಚಿಕೊಂಡಿತು. ಮುಂದಿನ ತಿಂಗಳೇ ನಮ್ಮಿಬ್ಬರ ಸಿಟಿಜನ್‌ಶಿಪ್ ಇಂಟರ್‌ವ್ಯೂ. ಸಿಕ್ಕಿಬೀಳದ ಅಪರಾಧವೇನಾದರೂ ಮಾಡಿದ್ದೀರಾ ಎಂದು ಅಲ್ಲಿ ಕೇಳುತ್ತಾರೆ. ಹದಿನೇಳು ವರ್ಷ ಕಾದಿದ್ದೆವು. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು.

ವೈಪರ್ ನೀರೂ ಅಪರಾಧವೇ? ಗೊತ್ತಿಲ್ಲದೆ ಮಾಡಿದ್ದು ಲೆಕ್ಕಕ್ಕೆ ಬರುತ್ತದೆಯೇ? ಒಂದು ದಿನ ಹೇಳಿಬಿಡುತ್ತೇನೆ ಎನ್ನುವರು, ಮರುದಿನ ಬೇಡ ಎನ್ನುವರು. ಊಟಕ್ಕೆ ಕೂತರೆ ಸಾರಿನ ಅನ್ನದ ಮೇಲೇ ಪಾಯಸ ಬಡಿಸಿಕೊಳ್ಳುವರು. ನನಗೂ ತಲೆ ಕೆಟ್ಟು, ತೆಪ್ಪಗೆ ನೋ ಅನ್ನಿ ಎಂದು ರೇಗಿದೆ. ಈ ಮಹಾರಾಯರು ಕೇಳಬೇಕಲ್ಲ.

ಡೆಟ್ರಾಯಿಟ್‌ನ ಆಫೀಸಿನಲ್ಲಿ ನಮ್ಮನ್ನು ಬೇರೆ ಬೇರೆ ಕೋಣೆಗೆ ಕರೆದರು. ನನಗೂ ಅದೇ ಪ್ರಶ್ನೆ ಬಂತು. ಇಲ್ಲ ಎಂದೆ, ನಾಲಿಗೆ ತೊದಲಲೂ ಇಲ್ಲ. ಪಾಸಾದ ಕಾಗದ ಕೈಗೆ ಬಂತು. ಇವರು ಹೊರಗೆ ಬಂದದ್ದು ಅರ್ಧ ಗಂಟೆ ತಡವಾಗಿ. ಬಿಯರ್, ಕುಕ್ಕರ್, ವೈಪರ್ ಎಲ್ಲ ಒದರಿದ್ದರು. ತೀರ್ಮಾನ ಆಮೇಲೆ ಎಂಬ ಕಾಗದ ಕೊಟ್ಟು ಕಳಿಸಿದ್ದರು.

ಕಾರಿನಲ್ಲಿ ನನಗೆ ಸಿಟ್ಟು ಬಂದಿತ್ತು. ನನ್ನ ಕಾಗದ ತೋರಿಸಲು ನಾಚಿಕೆಯೂ ಆಗಿತ್ತು. ಹೈವೇ ಇಳಿಯುವ ವಿಕ್ಸಮ್ ಎಕ್ಸಿಟ್ ಬಂತು. ಆಮೇಲೆ ಅವರೇ ಮೆಲ್ಲಗೆ ಬಾಯಿಬಿಟ್ಟರು.

"ಜೊತೆಗೆ ಯಾರಿದ್ರು ಅಂತ ಕೇಳಿದ್ರು, ಜಯಾ. ಯಾರೂ ಇರ್ಲಿಲ್ಲ, ನಾನೊಬ್ನೇ ಮಾಡಿದ್ದು ಅಂದೆ."

ಇಪ್ಪತ್ತು ವರ್ಷದ ಸಂಸಾರದಲ್ಲಿ ಇವರು ಹೇಳಿದ ಮೊದಲ ಸುಳ್ಳು. ಬೈಯಬೇಕಿತ್ತೋ ಅಳಬೇಕಿತ್ತೋ, ನನಗೆ ಇವತ್ತಿಗೂ ತಿಳಿದಿಲ್ಲ.