ದನಿ ತಿನ್ನುವ ಮನೆ

ಇಳಕಲ್ಲಿಗೆ ಬಂದ ಮೂರನೆಯ ತಿಂಗಳು, ಒಂದು ಮಧ್ಯಾಹ್ನ, ನನ್ನ ಮಗಳು ತೊಟ್ಟಿಲಲ್ಲಿ ಬಾಯಿ ತೆರೆದು ಅಳುತ್ತಿದ್ದಳು. ಮುಖ ಕೆಂಪೇರಿತ್ತು, ಕಣ್ಣಲ್ಲಿ ನೀರಿತ್ತು, ನಾಲಿಗೆ ನಡುಗುತ್ತಿತ್ತು. ಸದ್ದು ಮಾತ್ರ ಇರಲಿಲ್ಲ. ಗೋಡೆಯಾಚೆ ನೇಕಾರರ ಮಗ್ಗ ಲಟಪಟ ಎನ್ನುತ್ತಿತ್ತು. ಅದು ಕೇಳುತ್ತಿದ್ದರೂ ನನಗೇ ಕಿವಿ ಹೋಯಿತೇನೋ ಎಂದು ತಟ್ಟೆ ಬಡಿದು ನೋಡಿದೆ. ತಟ್ಟೆ ಕೇಳಿಸಿತು.

ಯಜಮಾನರಿಗೆ ಕುಮಟೆಯಿಂದ ಇಲ್ಲಿನ ಶಾಲೆಗೆ ವರ್ಗವಾಗಿತ್ತು. ಎಳೆಗೂಸನ್ನು ಎತ್ತಿಕೊಂಡು ಹಿಂದೆಯೇ ಬಂದೆ. ನಮ್ಮಲ್ಲಿ ಕಿಟಕಿ ತೆರೆದರೆ ಸಮುದ್ರ ಮೊರೆಯುತ್ತದೆ. ಇಲ್ಲಿ ದಪ್ಪ ಮಣ್ಣಿನ ಗೋಡೆ, ಮಾಳಿಗೆಯಲ್ಲೊಂದು ಬೆಳಕಿಂಡಿ. ತೊಲೆಯಲ್ಲಿ ತೊಟ್ಟಿಲ ಕೊಂಡಿ ಮೊದಲೇ ಇತ್ತು. ಶುಭವೆಂದುಕೊಂಡೆ, ಪೆದ್ದಿ. ನೀರು ತರುವ ಹೆಂಗಸರು ನಮ್ಮ ಬಾಗಿಲು ದಾಟುವತನಕ ಮಾತು ನಿಲ್ಲಿಸುತ್ತಿದ್ದರು. ಕಾರಣ ಆಮೇಲೆ ತಿಳಿಯಿತು. ಹಿಂದೆ ಇಲ್ಲಿದ್ದ ಮಾಸ್ತರರೂ ಕರಾವಳಿಯವರೇ. ಅವರ ಕೂಸೂ ಹೀಗೇ ದನಿ ಕಳೆದುಕೊಂಡು ಕೆಲವೇ ದಿನಗಳಲ್ಲಿ ತೀರಿಕೊಂಡಿತ್ತು. ಈ ಮನೆ ದನಿ ತಿನ್ನುತ್ತದೆ ಎಂದು ಓಣಿಯ ನಂಬಿಕೆ.

ಊಟದ ಮಾತು ಹೇಳಲೇಬೇಕು. ಊರಿನಲ್ಲಿ ನಮ್ಮದು ಕೆಂಪು ಕುಚ್ಚಲಕ್ಕಿ. ಇಲ್ಲಿಯವರದು ಜೋಳದ ರೊಟ್ಟಿ, ಜೊತೆಗೆ ಹಕ್ಕರಕಿ ಎಂಬ ಹೊಲದ ಸೊಪ್ಪು, ಅದೂ ಹಸಿಯಾಗಿ. ದನ ಮೇದ ಹಾಗೆ ಎಂದು ಮೊದಲ ದಿನ ನಕ್ಕಿದ್ದೆ. ನಾನು ಬಾಗಲಕೋಟೆಗೆ ರೈಲಿನಲ್ಲಿ ಬರುವ ಯಂತ್ರದಲ್ಲಿ ತೌಡು ತೆಗೆದ ಬಿಳಿ ಅಕ್ಕಿ ತರಿಸಿದೆ. ಅಷ್ಟು ಬಿಳಿಯ ಅನ್ನ ನಮ್ಮೂರ ಮದುವೆಯಲ್ಲೂ ಕಂಡಿರಲಿಲ್ಲ. ಏಳು ನೀರು ತೊಳೆದು, ಗಂಜಿ ಬಸಿದು, ಬಾಣಂತಿ ಪಥ್ಯವೆಂದು ಬರೀ ಮೆಣಸಿನ ಸಾರಿನಲ್ಲಿ ಎರಡು ಹೊತ್ತೂ ಅದನ್ನೇ ಉಂಡೆ. ಕಾಲು ಬಾತವು. ಪಾದಕ್ಕೆ ನೆಲ ತಿಳಿಯದಾಯಿತು. ಮನೆಯೊಳಗೆ ನಾನು ನಡೆದರೆ ಬೇರೆ ಯಾರೋ ನಡೆದ ಹಾಗಿರುತ್ತಿತ್ತು.

ಆ ಮಧ್ಯಾಹ್ನ ಮಗ್ಗ ನಿಂತಿತು. ಪಕ್ಕದ ನೇಕಾರರ ಮನೆಯ ಖಾಜಾಬಿ ಬಾಗಿಲಿಗೆ ಬಂದರು.

"ಮುಂಜಾನಿಂದ ಕೂಸಿನ ಅಳು ಕೇಳವಲ್ದು. ಏನಾಗೇತ್ರಿ ಅಕ್ಕಾರ?"

ತೊಟ್ಟಿಲು ತೋರಿಸಿದೆ. "ಈ ಮನೆ ನನ್ನ ಮಗಳನ್ನೂ ತಿನ್ನುತ್ತದೆ" ಎಂದು ಅತ್ತುಬಿಟ್ಟೆ.

"ಮನಿ ಎಲ್ಲೆರ ತಿಂತೈತೇನ್ರಿ? ಮೊದಲಿದ್ದ ಅಕ್ಕಾರ ಕಾಲೂ ಹಿಂಗ ಬಾತಿದ್ವು. ನೀವು ಏನ ತಿಂತೀರಿ, ಅದನ್ನ ತೋರಸ್ರಿ."

ಗಡಿಗೆಯ ಅನ್ನವನ್ನು ಬೆರಳಲ್ಲಿ ಹಿಸುಕಿ ನೋಡಿದರು. "ಅವರೂ ಇದನ್ನ ಉಣ್ತಿದ್ರು. ತೌಡು ದನಕ್ಕ ಹೋತು, ಗಂಜಿ ಬಚ್ಚಲಕ್ಕ ಹೋತು. ಎದಿಹಾಲಿಗೆ ಏನ ಉಳೀತ್ರಿ?"

ಸಂಜೆಯೊಳಗೆ ರೊಟ್ಟಿ, ಹೆಸರುಕಾಳಿನ ಪಲ್ಯ, ಅಗಸೆ ಬೀಜ ಹುರಿದು ಕುಟ್ಟಿದ ಹಿಂಡಿ ಬಂತು. ಹಕ್ಕರಕಿಯೂ ಬಂತು. ಬಿಳಿ ಅನ್ನ ಬಿಟ್ಟು ಅದನ್ನೇ ಉಂಡೆ. ಖಾಜಾಬಿಯ ಕೈಯ ರೊಟ್ಟಿ ಉಂಡದ್ದನ್ನು ಊರಿಗೆ ಬರೆಯಬೇಡ ಎಂದರು ಯಜಮಾನರು. ಬರೆಯುತ್ತಿದ್ದೇನೆ.

ಆರು ದಿನ ಮಗಳು ಸದ್ದಿಲ್ಲದೆ ಅತ್ತಳು. ಕೊಂಡಿ ಕಿರ್ ಎಂದಾಗಲೆಲ್ಲ ಹಿಂದಿನ ಕೂಸು ತೊಟ್ಟಿಲಲ್ಲಿ ಮಗ್ಗುಲಾದಂತೆನಿಸಿ ಎದ್ದು ಹೋಗಿ ಇಣುಕುತ್ತಿದ್ದೆ. ಏಳನೆಯ ಬೆಳಿಗ್ಗೆ ಕಪ್ಪೆ ವಟಗುಟ್ಟಿದಂಥ ಸ್ವರವೊಂದು ಹೊರಟಿತು. ಮಗ್ಗ ಗಕ್ಕನೆ ನಿಂತಿತು.

"ಕೇಳ್ತು ಅಕ್ಕಾರ, ಕೇಳ್ತು" ಎಂದರು ಗೋಡೆಯಾಚೆಯಿಂದ ಖಾಜಾಬಿ. ಅವರೂ ಅಳುತ್ತಿದ್ದರು.

ಮಗಳಿಗೀಗ ನಾಲ್ಕು ವರ್ಷ. ಈ ಬೇಸಿಗೆ ಕುಮಟೆಗೆ ಹೋಗಿದ್ದೆವು. ಇಳಕಲ್ಲಿನಲ್ಲಿ ಸಮುದ್ರಕ್ಕಾಗಿ ಹಂಬಲಿಸುವ ನನಗೆ, ಅಲ್ಲಿ ಆ ಮೊರೆತದ ನಡುವೆ ಮಗ್ಗದ ಸದ್ದಿಲ್ಲದೆ ನಿದ್ದೆ ಹತ್ತಲಿಲ್ಲ. ಮರುದಿನ ಅಮ್ಮ ಅನ್ನ ಬಡಿಸುತ್ತಿದ್ದಂತೆ ಮಗಳು ಕೇರಿಗೆಲ್ಲ ಕೇಳುವಂತೆ ಕೂಗಿದಳು.

"ಯವ್ವಾ, ನನಗ ರೊಟ್ಟಿ ಬೇಕ."

ಅಮ್ಮನ ಮುಖ ಸಣ್ಣದಾಯಿತು. "ಇವ್ಳಿಗೆ ನಮ್ಮೂರ ಮಾತು ಬರೂದಿಲ್ವನೇ?"

"ಮಾತು ಬರ್ತದಲ್ಲ, ಅಮ್ಮ" ಎಂದೆ.

ಮಗಳು ಇನ್ನೂ ಜೋರಾಗಿ ಕೂಗಿದಳು. ಸುಮ್ಮನಿರು ಎಂದು ನಾನು ಅನ್ನಲಿಲ್ಲ.