ಬೋರೇಗೌಡರ ತಗಡಿನ ರೈಲು

ನಾನು ಐಟಿಐನಲ್ಲಿ ಫಿಟ್ಟರ್ ವಿಭಾಗದ ಬೋಧಕನಾಗಿದ್ದು ನಿವೃತ್ತನಾದ ಮೇಲಿನ ನಾಲ್ಕನೆಯ ವರ್ಷ ಅದು. ಅಷ್ಟರಲ್ಲಿ ಬಾಬುರಾಯನಕೊಪ್ಪಲಿನ ನಮ್ಮ ಮನೆಯ ಮುಂದಿನ ಕೋಣೆಯನ್ನು ಆಟಿಕೆ ರೈಲುಗಳು ಪೂರ್ತಿ ಆಕ್ರಮಿಸಿಕೊಂಡಿದ್ದವು. ಏಳು ವರ್ಷದವನಿದ್ದಾಗ ಸೋದರಮಾವ ಕೊಡಿಸಿದ್ದ ಕೀಲಿ ರೈಲೊಂದನ್ನು ಬಹಳ ವರ್ಷಗಳ ಮೇಲೆ ಅಟ್ಟದಿಂದ ಇಳಿಸಿ ರಿಪೇರಿ ಮಾಡಿದ್ದೇ ಈ ಹುಚ್ಚಿಗೆ ಮೊದಲು. ಆಮೇಲೆ ಗುಜರಿ ಅಂಗಡಿ, ನೆಂಟರ ಬೀರು, ಕೆಡವುತ್ತಿದ್ದ ಹಳೇ ಮನೆ, ಎಲ್ಲಿ ಸಿಕ್ಕರೂ ತಂದೆ. ಇಪ್ಪತ್ತಾರು ರೈಲುಗಳಾದವು. "ಪಿಂಚಣಿ ನಿಮಗೆ ಬರ್ತದೋ, ನಿಮ್ಮ ರೈಲಿಗೆ ಬರ್ತದೋ" ಎಂದು ಹೆಂಡತಿ ಕೇಳುತ್ತಿದ್ದಳು. ಸುದ್ದಿ ಹಬ್ಬಿ, ಸುತ್ತಲಿನವರೂ ತಮ್ಮ ಹಳೇ ಆಟಿಕೆಗಳನ್ನು ತಂದುಕೊಡತೊಡಗಿದರು.

ದಸರಾ ಕಳೆದ ಮರುವಾರ ಕೆ.ಆರ್. ಪೇಟೆಯಿಂದ ಮರಿಗೌಡ ಎಂಬುವರು ಬಂದರು. ಅರವತ್ತು ದಾಟಿದ ಆಳು, ಊರಿನಲ್ಲಿ ಹೈನುಗಾರಿಕೆ. ಗೋಣಿಚೀಲದಿಂದ ಒಂದು ತಗಡಿನ ಎಂಜಿನ್ನು, ಎರಡು ತೆರೆದ ಬೋಗಿ ತೆಗೆದು ಮೇಜಿನ ಮೇಲಿಟ್ಟರು. ಜೊತೆಗೆ ಒಂದೂವರೆ ಅಡಿ ಅಗಲದ ದುಂಡು ಹಲಗೆ, ಅದರ ಅಂಚಿಗೆ ಹೊಡೆದ ತಗಡಿನ ಹಳಿ. ಎಂಜಿನ್ನಿನ ಮೈಮೇಲೆ ಕುಂಕುಮ, ವಿಭೂತಿ, ಎಣ್ಣೆ ಎಲ್ಲ ಸೇರಿ ಕಪ್ಪು ರೊಟ್ಟಿಯಂತೆ ಗಟ್ಟಿಯಾಗಿದ್ದವು.

"ಇದೇನ್ರೀ ಗೌಡ್ರೆ?" ಎಂದೆ.

"ವರ್ಸಾವರ್ಸ ಆಯುಧಪೂಜೇಲಿ ಇಡ್ತೀವಿ ಮೇಷ್ಟ್ರೆ. ನಮ್ಮಪ್ಪ ಬೋರೇಗೌಡ ಪಾಂಡವಪುರದ ರೈಸ್‌ಮಿಲ್ಲಲ್ಲಿ ಎಂಜಿನ್ ನೋಡ್ಕಂಡಿದ್ದ. ಅವನೇ ಮಾಡಿದ್ದು. ಪೂಜೆ ದಿನ ಕೊಬ್ರಿ ಎಣ್ಣೆ ಬುಡೋದು ಅವನ ಕಾಲದಿಂದ್ಲೂ ರೂಢಿ."

ಮಿಲ್ಲಿನ ಎಂಜಿನ್ನಿಗೆ ಎಣ್ಣೆ ಬಿಡುವವನು ರೈಲಿಗೂ ಬಿಟ್ಟಿದ್ದ. ಅವನು ಹೋದ ಮೇಲೆ ಮನೆಯವರು ಬಿಚ್ಚಿ ಒರೆಸದೆ, ಭಕ್ತಿಯಿಂದ ಬಿಡುತ್ತಲೇ ಹೋದರು. ಕೊಬ್ಬರಿ ಎಣ್ಣೆ ಒಳಗೆ ಅಂಟಾಗಿ ಕೂತಿತ್ತು. ನಮ್ಮ ಕಡೆ ಎಷ್ಟು ಹೊಲಿಗೆ ಮೆಷಿನ್ನುಗಳು ಹೀಗೆ ಪೂಜೆಯಲ್ಲೇ ಪ್ರಾಣ ಬಿಟ್ಟಿವೆಯೋ ಲೆಕ್ಕವಿಲ್ಲ.

ಮರಿಗೌಡರು ಹೊರಡುವಾಗ ಹೇಳಿದರು: "ಅಪ್ಪ ನಂಗೇಂತ ಮಾಡ್ಕೊಟ್ಟಿದ್ದು. ಆವಾಗ್ಲೂ ಸರ್ಯಾಗಿ ಓಡ್ತಿರ್ನಿಲ್ಲ, ಅಲ್ಲಲ್ಲೇ ಸಿಕ್ಕಾಕ್ಕತಿತ್ತು. ಒಂದ್ಸಲ ಓಡೋದು ನೋಡ್ಬೇಕು ಅಂತ ನಾಗಮಂಗಲದಲ್ಲಿರೋ ನಮ್ಮಕ್ಕ ತಲೆ ತಿಂತಾವ್ಳೆ. ಎಂಗಾರ ಮಾಡಿ ಓಡುಸ್ಬುಡಿ."

ಆ ಕಪ್ಪು ಪದರವನ್ನು ಕರಗಿಸಲು ನಾಲ್ಕು ದಿನ ಹಿಡಿಯಿತು. ಎಂಜಿನ್ನಿನ ಹೊಟ್ಟೆ ಬಿಚ್ಚಿದಾಗ ಮಾತ್ರ ನಾನು ಕುರ್ಚಿಯಿಂದ ಎದ್ದು ನಿಂತೆ. ಬಾಯ್ಲರು ಸೀಮೆಎಣ್ಣೆ ಡಬ್ಬದ ತಗಡು. ಚಿಮಣಿ ಸೈಕಲ್ ಪಂಪಿನ ತುಂಡು. ಒಳಗೆ ಹಳೇ ಗ್ರಾಮಫೋನಿನ ಸ್ಪ್ರಿಂಗು, ಅದರ ವೇಗ ಹಿಡಿತದಲ್ಲಿಡುವ ಗವರ್ನರ್ ಎಂಬ ಪುಟ್ಟ ಫ್ಯಾನು. ಸ್ಪ್ರಿಂಗಿನ ಶಕ್ತಿಯನ್ನು ಗಾಲಿಗೆ ಸಾಗಿಸಲು ತೊಂಬತ್ತಾರು ಹಲ್ಲಿನ ಒಂದು ಹಿತ್ತಾಳೆ ಗೇರು. ಆ ಹಲ್ಲುಗಳನ್ನು ಯಂತ್ರ ಕೊರೆದಿರಲಿಲ್ಲ. ಒಂದೊಂದನ್ನೂ ತ್ರಿಕೋನದ ಅರದಿಂದ ಕೈಯಲ್ಲೇ ಉಜ್ಜಿ ಮಾಡಿದ್ದರು. ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದೆ. ಹಲ್ಲಿಗೂ ಹಲ್ಲಿಗೂ ಕೂದಲೆಳೆಯಷ್ಟೇ ವ್ಯತ್ಯಾಸ. ಮೂವತ್ತೊಂದು ವರ್ಷ ಪಾಠ ಹೇಳಿದ ನನ್ನ ಕೈಯಲ್ಲೂ ಇದು ಆಗುತ್ತಿರಲಿಲ್ಲ. ಸರ್ಟಿಫಿಕೇಟು ಕಾಣದ ಆ ಮನುಷ್ಯನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಕೈ ಮುಗಿದವನು ಅಲ್ಲಿಗೇ ನಿಲ್ಲಬೇಕಿತ್ತು. ಗೇರಿನ ಆ ತೊಂಬತ್ತಾರರಲ್ಲಿ ಎರಡು ಕಡೆ ಹಲ್ಲುಗಳು ಇರಲಿಲ್ಲ. ಒಂದು ಕಡೆ ಆರು, ಅದಕ್ಕೆ ಎದುರು ದಿಕ್ಕಿನಲ್ಲಿ ಹನ್ನೆರಡು. ಓಹೋ, ಇದಕ್ಕೇ ಸಿಕ್ಕಿಕೊಳ್ಳುತ್ತಿದ್ದದ್ದು ಎಂದು ಖುಷಿಪಟ್ಟೆ. ಹಿತ್ತಾಳೆಯ ಎರಡು ತುಂಡು ಕೂರಿಸಿ, ಬೆಸುಗೆ ಹಾಕಿ, ಮೂರು ದಿನ ಕೂತು ಹದಿನೆಂಟು ಹೊಸ ಹಲ್ಲು ಉಜ್ಜಿದೆ. ಬೋರೇಗೌಡರ ಪಕ್ಕದಲ್ಲಿ ನನ್ನ ಕೈಚಳಕವೂ ಇರಲಿ ಎಂಬ ಜಂಬ ಬೇರೆ. ರೈಲು ಹಲಗೆಯ ಮೇಲೆ ಎಲ್ಲೂ ತಡೆಯದೆ ಬೆಣ್ಣೆಯಂತೆ ಓಡಿತು. ಮರಿಗೌಡರಿಗೆ ಫೋನ್ ಮಾಡಿ, ಅಕ್ಕನನ್ನೂ ಕರೆದುಕೊಂಡೇ ಬನ್ನಿ ಎಂದೆ.

ಭಾನುವಾರ ಬೆಳಿಗ್ಗೆ ಇಬ್ಬರೂ ಬಂದರು. ಅಕ್ಕ ಸಾಕಮ್ಮನವರಿಗೆ ನಾಗಮಂಗಲದಲ್ಲಿ ಪುಟ್ಟ ದಿನಸಿ ಅಂಗಡಿಯಿದೆ. ಎರಡನೇ ವರ್ಷದಲ್ಲೇ ಪೋಲಿಯೋ ತಗುಲಿ ಬಲಗೈ ಸೊರಗಿತ್ತು. ಬೆರಳುಗಳು ನಿಧಾನವಾಗಿ ಆಡುತ್ತಿದ್ದವು. ರೈಲನ್ನು ಕಂಡದ್ದೇ ಆಕೆಯ ಮುಖ ಅರಳಿತು. ಕೀಲಿ ಕೊಟ್ಟು ಬಿಟ್ಟೆ. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಅರಳಿದ ಮುಖ ಹಾಗೇ ಬಾಡಿತು.

"ಮೇಷ್ಟ್ರೆ, ಇದು ನಿಲ್ಲಾಕಿಲ್ವಾ?"

"ಇನ್ನು ಎಲ್ಲೂ ಸಿಕ್ಕಿಕೊಳ್ಳಲ್ಲ ಬಿಡಿ ಅಮ್ಮ, ಸರಿಮಾಡಿದ್ದೀನಿ" ಎಂದೆ.

"ಅಯ್ಯೋ, ಇದು ನಿಲ್ಬೇಕು ಮೇಷ್ಟ್ರೆ. ಇವನ ಮುಂದೆ ಒಂದ್ಕಿತ, ನನ್ನ ಮುಂದೆ ಒಂದ್ಕಿತ ನಿಲ್ತಿತ್ತು. ನಾವಿಬ್ರೂ ಎದ್ರುಬದ್ರು ಕೂತ್ಕಂಡು ಬೋಗಿಗೆ ಉಣಸೇಬೀಜ ತುಂಬ್ತಿದ್ದೊ."

ಮರಿಗೌಡರು ನಕ್ಕರು. "ಸುಮ್ಕಿರಕ್ಕ. ಕೆಟ್ಟೋಗಿದ್ ರೈಲ್ಗೆ ಕತೆ ಕಟ್ಬ್ಯಾಡ. ಅಪ್ಪ ಮಾಡಿದ್ದು ನಂಗೆ, ನೀನು ನೋಡ್ಕಂಡು ಕೂತಿರ್ತಿದ್ದೆ."

"ಅಂಗನ್ಬ್ಯಾಡ ಕಣ್ಲಾ ಮರಿ" ಎಂದರು ಸಾಕಮ್ಮ. "ಅಪ್ಪ ನಿಂಗೆ ಸೈಕಲ್ ಕೊಡುಸ್ದ, ಐಸ್ಕೂಲಿಗೆ ಕಳುಸ್ದ. ನಾನೇನೂ ಕೇಳ್ನಿಲ್ಲ. ಈ ಕೈಯಿನ ಮಗ್ಳಿಗೆ ಅಂತ ಅವನು ಮಾಡಿದ್ದು ಇದೊಂದೇಯ. ಇದ್ನೂ ಇಲ್ಲ ಅಂದ್ಬುಟ್ರೆ ನಂಗೇನ್ಲಾ ಉಳೀತದೆ?"

ನಾನು ರೈಲನ್ನು ಹಿಡಿದು ನಿಲ್ಲಿಸಿ, ಬಿಚ್ಚಿದ್ದಾಗ ಕಂಡ ಗೇರನ್ನು ನೆನಪಿಸಿಕೊಂಡೆ. ಮುರಿದ ಹಲ್ಲು ಬುಡದಲ್ಲಿ ಮೊಂಡು ಬಿಟ್ಟು ಹೋಗುತ್ತದೆ. ಇದನ್ನು ನಾನೇ ಪ್ರತಿ ವರ್ಷ ಹುಡುಗರಿಗೆ ಹೇಳಿಕೊಟ್ಟಿದ್ದೆ. ಆ ಗೇರಿನಲ್ಲಿ ಒಂದು ಮೊಂಡೂ ಇರಲಿಲ್ಲ, ಜಾಗ ಕನ್ನಡಿಯಂತೆ ನುಣ್ಣಗಿತ್ತು. ಖಾಲಿ ಜಾಗ ಮುಗಿದಲ್ಲಿನ ಮೊದಲ ಹಲ್ಲು ಓರೆಯಾಗಿತ್ತು, ಸವೆದಿದೆ ಎಂದುಕೊಂಡಿದ್ದೆ. ಅದು ಸವೆದದ್ದಲ್ಲ. ನಿಂತ ಗಾಲಿಯನ್ನು ಮತ್ತೆ ಹಿಡಿಯುವಾಗ ಕಚ್ಚಿಕೊಳ್ಳದಿರಲಿ ಎಂದು ಬೇಕೆಂದೇ ಓರೆ ಮಾಡಿದ್ದರು. ಹಲ್ಲಿಲ್ಲದ ಜಾಗ ಬಂದಾಗ ಗಾಲಿಗೆ ಶಕ್ತಿ ಸಿಗದೆ ರೈಲು ನಿಲ್ಲುತ್ತದೆ. ಒಳಗೆ ಸ್ಪ್ರಿಂಗು ಫ್ಯಾನಿನ ಹಿಡಿತದಲ್ಲಿ ನಿಧಾನವಾಗಿ ಬಿಚ್ಚುತ್ತಲೇ ಇರುತ್ತದೆ. ಮುಂದಿನ ಹಲ್ಲು ಬಂದಾಗ ರೈಲು ತಾನಾಗಿ ಹೊರಡುತ್ತದೆ. ಗೇರು ಒಮ್ಮೆ ಪೂರ್ತಿ ತಿರುಗುವಷ್ಟರಲ್ಲಿ ಹಲಗೆಯ ಒಂದು ಸುತ್ತೂ ಮುಗಿಯುತ್ತದೆ, ಹಾಗಾಗಿ ನಿಲ್ಲುವ ಜಾಗ ಬದಲಾಗುವುದಿಲ್ಲ. ಬೋರೇಗೌಡರು ರೈಲಿಗೆ ಎರಡು ಸ್ಟೇಷನ್ ಇಟ್ಟಿದ್ದರು. ನಾನು ಎರಡನ್ನೂ ಬೆಸುಗೆ ಹಾಕಿ ಮುಚ್ಚಿದ್ದೆ.

"ತಪ್ಪು ನನ್ನದು ಅಮ್ಮ. ಊಟ ಇಲ್ಲೇ ಮಾಡಿ, ಸಂಜೆಯೊಳಗೆ ಸರಿಮಾಡ್ತೀನಿ" ಎಂದೆ. ವಿದ್ಯಾರ್ಥಿಗಳ ಮುಂದೆ ಎಂದೂ ಆಡದ ಮಾತು ಅಂದು ಸಲೀಸಾಗಿ ಬಂತು.

ಗೇರನ್ನು ಮತ್ತೆ ಬಿಚ್ಚಿದೆ. ಹಳೆಯ ಹಲ್ಲುಗಳು ಕಂದು, ನನ್ನವು ಹಳದಿ. ಎಲ್ಲಿಂದ ಎಲ್ಲಿಗೆ ತೆಗೆಯಬೇಕೆಂಬ ಅನುಮಾನವಿರಲಿಲ್ಲ. ಕಾವು ಹೆಚ್ಚಾದರೆ ಅವರ ಗೇರೇ ಸೊಟ್ಟಗಾಗುವ ಭಯ. ಸ್ವಲ್ಪಸ್ವಲ್ಪವೇ ಕಾಯಿಸಿ ನನ್ನ ತುಂಡುಗಳನ್ನು ಎಬ್ಬಿಸಿದೆ. ಮಧ್ಯಾಹ್ನ ನಾಲ್ಕಕ್ಕೆ ಎಲ್ಲ ಜೋಡಿಸಿ ಮುಗಿಯಿತು. ಹೆಂಡತಿ ಅಡುಗೆಮನೆಯಿಂದ ಹಿಡಿ ಹುಣಸೇಬೀಜ ತಂದಳು. ಅಕ್ಕ, ತಮ್ಮ ಇಬ್ಬರೂ ಹಲಗೆಯ ಎದುರುಬದುರು ನೆಲದ ಮೇಲೆ ಕೂತರು. ಹಳಿಯ ಪಕ್ಕದಲ್ಲಿ ಒಂದು ಹಿತ್ತಾಳೆ ಮೊಳೆಯಿತ್ತು. ಎಂಜಿನ್ ಎಲ್ಲಿ ಇಡಲಿ ಎಂದು ಕೇಳಿದ್ದಕ್ಕೆ ಮರಿಗೌಡರೇ ಹೇಳಿದರು:

"ಪೂರ್ತಿ ಕೀಲಿ ಕೊಟ್ಟು ಆ ಮೊಳೆ ತಾವ್ಲೇ ಮಡಗಿ. ಆಚೀಚೆ ಮಡಗುದ್ರೆ ಅಪ್ಪ ಬೈತಿದ್ದ. ನಾವು ಕೂರೋ ಜಾಗಾನೂ ಅದಲುಬದಲು ಆಗಂಗಿರ್ನಿಲ್ಲ."

ರೈಲು ಹೊರಟಿತು. ಮರಿಗೌಡರ ಮುಂದೆ ನಿಂತಿತು. ಅವರು ಗಾಬರಿಯಲ್ಲಿ ಬೀಜ ಹಾಕುವಷ್ಟರಲ್ಲಿ ಹೊರಟೇ ಹೋಯಿತು. ಅರ್ಧ ಸುತ್ತು ಹೋಗಿ ಸಾಕಮ್ಮನವರ ಮುಂದೆ ನಿಂತಿತು. ಆಕೆ ಬಲಗೈಯಲ್ಲೇ ಬೀಜ ಎತ್ತಿದರು. ಒಂದು ಹಾಕಿದರು. ಎರಡನೆಯದು ಜಾರಿತು, ಮತ್ತೆ ಎತ್ತಿ ಹಾಕಿದರು. ಫ್ಯಾನು ಗುಂಯ್ ಎನ್ನುತ್ತಿತ್ತು, ರೈಲು ಅಲುಗಾಡಲಿಲ್ಲ. ಮೂರನೆಯದು ಬೋಗಿಗೆ ಬಿತ್ತು. ಆಕೆ ಕೈ ಹಿಂದೆಳೆದುಕೊಂಡ ಮೇಲೆಯೇ ರೈಲು ಹೊರಟಿತು.

ಆರು ಹಲ್ಲು, ಹನ್ನೆರಡು ಹಲ್ಲು. ಮೂರು ದಿನ ಎಣಿಸಿ ಎಣಿಸಿ ಉಜ್ಜಿದವನು ನಾನು. ಒಂದಕ್ಕೆ ಇನ್ನೊಂದು ಸರಿಯಾಗಿ ಎರಡರಷ್ಟು ಯಾಕಿದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಇನ್ನೆರಡು ಸುತ್ತು ನೋಡಿದ ಮರಿಗೌಡರು ಕೈಯಲ್ಲಿದ್ದ ಬೀಜವನ್ನು ಕೆಳಗಿಟ್ಟರು.

"ಅಕ್ಕ, ನಂಗಿಂತ ಡಬಲ್ ಹೊತ್ತು ನಿಂತದೆ ಕಣಕ್ಕ ನಿನ್ ಮುಂದೆ. ನಿನ್ ಕೈಗೆ ಅಂತ್ಲೇ ಮಾಡವ್ನೆ."

ಸಾಕಮ್ಮ ತಮ್ಮ ಬಲಗೈಯನ್ನು ನೋಡಿಕೊಂಡರು. "ಈ ಕೈ ವಿಚಾರ ನಮ್ಮಪ್ಪ ಒಂದಿನಾನೂ ಎತ್ನಿಲ್ಲ ಮೇಷ್ಟ್ರೆ. ನೋಡೇ ಇಲ್ಲ ಅನ್ಕಂಡಿದ್ದೆ" ಎಂದು ಅತ್ತರು. ಬಾಗಿಲ ಬಳಿ ನಿಂತಿದ್ದ ನನ್ನ ಹೆಂಡತಿಯೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೊರಡುವಾಗ ರೈಲಿನ ಚೀಲವನ್ನು ಮರಿಗೌಡರೇ ಅಕ್ಕನ ಎಡಗೈಗೆ ಕೊಟ್ಟರು. "ನಾಗಮಂಗಲದಲ್ಲೇ ಇರ್ಲಿ. ಆಯುಧಪೂಜೆಗೆ ನಾನೇ ಬತ್ತೀನಿ" ಎಂದರು. ಎಣ್ಣೆ ಮಾತ್ರ ಬಿಡಬೇಡಿ, ಕುಂಕುಮ ಸಾಕು ಎಂದು ನಾನು ಇಬ್ಬರಿಗೂ ಕಟ್ಟಪ್ಪಣೆ ಮಾಡಿದೆ.

ಕೆಟ್ಟದ್ದನ್ನು ಸರಿಮಾಡುವುದೇ ಕೆಲಸವಾದವರ ಕಣ್ಣಿಗೆ ಎಲ್ಲವೂ ಕೆಟ್ಟಂತೆಯೇ ಕಾಣುತ್ತದೆ. ಆ ರೋಗ ನನಗೆ ಚೆನ್ನಾಗಿಯೇ ಅಂಟಿತ್ತು. ಈಗ ಯಾವ ಆಟಿಕೆ ಬಂದರೂ ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಇದರಲ್ಲಿ ಯಾರ್ಯಾರು ಆಡಿದ್ದರು? ತಂದವರು "ನಾನೊಬ್ಬನೇ" ಎಂದರೆ, ಮನೆಗೆ ಹೋಗಿ ಅಕ್ಕತಂಗಿಯರನ್ನು ಕೇಳಿಕೊಂಡು ಬನ್ನಿ ಎಂದು ವಾಪಸು ಕಳಿಸುತ್ತೇನೆ.